ಮೇಷ್ಟ್ರ ಕೆಂಪು ರಟ್ಟಿನ ಪುಸ್ತಕ

ಈ ಪ್ರಕರಣ ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಇದರಲ್ಲಿ ನಾನೇ ಒಂದು ಕಡೆ ಎಡವಿದ್ದೇನೆ. ಆದರೆ ಸ್ವಂತ ಮಾತಿನ ಬದಲು ದೊಡ್ಡವರ ನುಡಿಗಳಲ್ಲೇ ಮಾತಾಡುವವರು ನನ್ನ ಬಳಿ ಆಪ್ತಸಲಹೆಗೆ ಮತ್ತೆ ಮತ್ತೆ ಬರುತ್ತಿದ್ದಾರೆ. ಕಳೆದ ತಿಂಗಳು ಬಂದಿದ್ದ ಹುಡುಗ, ಹುಡುಗಿ ಇಬ್ಬರೂ ಜಗಳವನ್ನೆಲ್ಲ ವಾಟ್ಸ್ಆಪ್ ಸ್ಟೇಟಸ್‌ನಲ್ಲೇ ಆಡಿದ್ದರು. ಅವನು ರೂಮಿಯದ್ದು ಹಾಕಿದರೆ ಇವಳು ಓಶೋದು. ಹಾಗಾಗಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ದಂಪತಿಗಳ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಅವರು ಮಂಡ್ಯ ಕಡೆಯ ಹೈಸ್ಕೂಲು ಮೇಷ್ಟ್ರು, ಐವತ್ತು ದಾಟಿದವರು. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಬೋರ್ಡಿನ ಮೇಲೆ ದಿನಕ್ಕೊಂದು ನುಡಿಮುತ್ತು ಬರೆಯುವ ಕೆಲಸ ಇಪ್ಪತ್ತು ವರ್ಷದಿಂದ ಅವರದೇ. ಅದಕ್ಕೆಂದು ಕೂಡಿಟ್ಟ ಕೆಂಪು ರಟ್ಟಿನ ದಪ್ಪ ಪುಸ್ತಕವೊಂದಿತ್ತು. ಹೆಂಡತಿಯದು ಮನೆ, ಎರಡು ಹಸು, ಡೇರಿಗೆ ಹಾಲು. ಆಕೆಯ ತಂದೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಆಕೆ ಗಂಡನ ಜೊತೆ ಊಟಕ್ಕೆ ಕರೆಯುವಷ್ಟೇ ಮಾತು. ಮಗಳು ಇಬ್ಬರನ್ನೂ ಮೈಸೂರಿಗೆ ಎಳೆದು ತಂದಳು.

ಆಕೆಯ ದೂರು ಒಂದೇ ಒಂದು. ಹನ್ನೊಂದರ ಕಾರ್ಯ ಮುಗಿದ ಸಂಜೆ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಾ ಅಳುತ್ತಿದ್ದಾಳೆ. ಇವರು ಬಾಗಿಲಲ್ಲಿ ನಿಂತು, ಸಾವಿನ ಬಗ್ಗೆ ಸಾಕ್ರೆಟಿಸ್ ಏನು ಹೇಳಿದ್ದ ಎಂದು ಶುರು ಮಾಡಿದರಂತೆ. 'ಕೋಲು ಕೈಯಲ್ಲೇ ಇತ್ತು ಮೇಡಂ. ಎಸೀಲಿಲ್ಲ, ಅಷ್ಟೆ.'

ಮೊದಲೆರಡು ಸಲ ಏನೂ ನಡೆಯಲಿಲ್ಲ. ಮೂರನೇ ಸಲ ಮೇಷ್ಟ್ರು ಪುಸ್ತಕವನ್ನೇ ತಂದಿದ್ದರು. ನಾನು ಕೇಳುವ ಮೊದಲೇ ಗುರುತಿಟ್ಟ ಪುಟ ತೆರೆದು, 'ಒಟ್ಟಿಗೆ ಬಾಳಿದರೂ ಗಂಡ ಹೆಂಡಿರ ನಡುವೆ ಅಂತರ ಇರಬೇಕು ಅಂತ ಖಲೀಲ್ ಗಿಬ್ರಾನ್ ಹೇಳಿದ್ದಾನೆ' ಎಂದರು.

ಆಕೆ ತಲೆ ಎತ್ತದೆ ಕೇಳಿದರು: 'ಅವನಿಗೆ ಎಷ್ಟು ಮಕ್ಕಳು?'

ಗಿಬ್ರಾನ್ ಮದುವೆಯೇ ಆಗಲಿಲ್ಲ ಎಂದೆ. ಆಕೆಗೆ ನಗು ಬಂತು, ನನಗೂ ಬಂತು. ಮೇಷ್ಟ್ರಿಗೆ ಬರಲಿಲ್ಲ. ನಗು ನಿಂತ ಮೇಲೆ ಆಕೆ ಹೇಳಿದ್ದನ್ನು ಅವತ್ತೇ ಬರೆದಿಟ್ಟುಕೊಂಡಿದ್ದೇನೆ: 'ಇವರ ಬಾಯಲ್ಲಿ ಎಲ್ಲಾರೂ ಮಾತಾಡ್ತಾರೆ ಮೇಡಂ. ಇವರೊಬ್ಬರನ್ನ ಬಿಟ್ಟು.'

ಪುಸ್ತಕ ಮುಚ್ಚಿಡಲು ಹೇಳಿ, 'ಮಾವ ಹೋದ ರಾತ್ರಿ ನೀವು ಏನು ಮಾಡಿದಿರಿ?' ಎಂದು ಕೇಳಿದೆ. ಅವರ ಕೈ ರಟ್ಟಿನ ಮೇಲೇ ಇತ್ತು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ಚಪ್ಪಲಿ ತಗೊಂಡು ಬಂದೆ' ಎಂದರು.

'ಯಾರ ಚಪ್ಪಲಿ?'

'ಮಾವಂದು. ವಾರ್ಡಿನ ಹೊರಗೆ ಬಿಟ್ಟಿದ್ರು. ಎಲ್ಲಾರೂ ಆಂಬುಲೆನ್ಸ್ ಹತ್ತಿದ್ರು. ನಾನು ಸ್ಕೂಟರಲ್ಲಿ ಬರಬೇಕಿತ್ತು. ಅದು ಅಲ್ಲೇ ಇತ್ತು. ಡಿಕ್ಕೀಲಿ ಹಾಕ್ಕೊಂಡೆ. ಇನ್ನೂ ಅಲ್ಲೇ ಐತೆ. ಬಿಸಾಕಕ್ಕೆ ಆಗಲಿಲ್ಲ. ಇವಳಿಗೆ ತೋರಿಸಕ್ಕೂ ಆಗಲಿಲ್ಲ.'

ಆಕೆ ಪೂರ್ತಿ ಅವರ ಕಡೆ ತಿರುಗಿ ಕೂತರು. 'ಯಾವುದು? ಆ ಟೈರಿಂದಾ?'

'ಅಲ್ಲ ಕಣೇ. ನೀನು ಮದ್ದೂರಲ್ಲಿ ಕೊಡಿಸಿದ್ದಲ್ಲ, ಅದು.'

ನಾನು ಏನೂ ಮಾತಾಡಲಿಲ್ಲ. ಆ ಹೊತ್ತಿನಲ್ಲಿ ಆಪ್ತಸಲಹೆಗಾರರು ಬಾಯಿ ಬಿಟ್ಟರೆ ಕೆಲಸ ಕೆಟ್ಟಿತು ಎಂದೇ ಅರ್ಥ.

ಆ ದಿನ ಕೊಟ್ಟ ಸಲಹೆ ಇದು: ನಲವತ್ತು ದಿನ ಮನೆಯೊಳಗೆ ಯಾರ ನುಡಿಯೂ ಬೇಡ. ಬೋರ್ಡಿನ ಮೇಲೆ ಬರೆಯಿರಿ, ಅಡುಗೆಮನೆಗೆ ತರಬೇಡಿ.

ಇದನ್ನು ಕೇಳಿದ ಸ್ನೇಹಿತರೊಬ್ಬರು, ನೀವು ದೊಡ್ಡವರ ಮಾತಿಗೇ ವಿರೋಧವೇ ಎಂದು ಸಿಟ್ಟಾದರು. ಖಂಡಿತ ಅಲ್ಲ. ನಾನೂ ಕಗ್ಗ ಕೇಳಿಕೊಂಡೇ ಬೆಳೆದವಳು. ನನ್ನ ತಕರಾರು ಬೇರೆ. ಪ್ರೀತಿಯೆಂದರೆ ಎರಡು ಏಕಾಂತಗಳು ಒಂದನ್ನೊಂದು ಕಾಯುವುದು ಎಂಬರ್ಥದ ಸಾಲನ್ನು ಜರ್ಮನ್ ಭಾಷೆಯ ಕವಿ ರಿಲ್ಕೆ 1904ರಲ್ಲಿ ಒಬ್ಬ ಯುವಕನಿಗೆ ಬರೆದ. ಆಗ ಅವನ ವಯಸ್ಸು 28. ಮದುವೆಯಾಗಿದ್ದು 1901ರಲ್ಲಿ, ಮರುವರ್ಷವೇ ಪುಟ್ಟ ಮಗಳಿದ್ದ ಸಂಸಾರ ಚದುರಿತ್ತು. ಟಾಲ್‌ಸ್ಟಾಯ್ 48 ವರ್ಷದ ದಾಂಪತ್ಯದ ನಂತರ, 82ನೇ ವಯಸ್ಸಿನಲ್ಲಿ, ರಾತ್ರೋರಾತ್ರಿ ಮನೆ ಬಿಟ್ಟು ಹೋದರು. ಕೊನೆಯುಸಿರೆಳೆದದ್ದು ಒಂದು ರೈಲ್ವೆ ಸ್ಟೇಷನ್ನಿನಲ್ಲಿ. ಇದರಿಂದ ಅವರ ಮಾತು ಸುಳ್ಳಾಗುವುದಿಲ್ಲ. ಅವರವರ ಮನೆಯ ಸಂಕಟದಲ್ಲಿ ಬೆಂದು ಬಂದ ಮಾತು ಅದು. ನಾವು ಸಂಕಟವನ್ನು ಅಲ್ಲೇ ಬಿಟ್ಟು ಸಾಲನ್ನು ಮಾತ್ರ ಕಿತ್ತು ತಂದು, ಅಳುವವರ ಬಾಯಿ ಮುಚ್ಚಿಸಲು ಬಳಸುತ್ತೇವೆ. ಸಾಕ್ರೆಟಿಸನ ಹೆಸರು ಬಂದ ಮೇಲೆ ಮುದ್ದೆ ತಿರುವುವ ಹೆಂಗಸು ಏನು ಉತ್ತರ ಕೊಡಬೇಕು?

ಮೇಷ್ಟ್ರಿಗೆ ಅವರದೇ ಜಿಲ್ಲೆಯ ಕವಿಯನ್ನು ನೆನಪಿಸಿದೆ. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಬಂದದ್ದು 1942ರಲ್ಲಿ. ಪ್ರೀತಿ ಎಂದರೇನು ಎಂದು ಅವರು ಪಾಠ ಹೇಳಲಿಲ್ಲ. ಬಳೆಗಾರನನ್ನು ತಂದರು, ಮಾವನ ಮನೆ ತಂದರು. 'ನಿಮ್ಮ ಚಪ್ಪಲಿಯೂ ಆ ಜಾತಿಯದೇ' ಎಂದೆ. ಅವರಿಗೆ ಹಿಡಿಸಿತು. ಹಾಗೆ ಅಂದುಕೊಂಡಿದ್ದೆ.

ಒಂಬತ್ತನೇ ದಿನ ಆಕೆಯ ಫೋನು. 'ಈಗ ಮಾತೇ ಇಲ್ಲ ಮೇಡಂ. ಬರ್ತಾರೆ, ಉಣ್ತಾರೆ, ಮಲಗ್ತಾರೆ. ಅದಾದ್ರೂ ಇತ್ತು ಮನೇಲಿ.'

ತಪ್ಪು ನನ್ನದು. ಊರುಗೋಲು ಹಿಡಿದು ನಡೆಯುವವರಿಂದ ಅದನ್ನು ಕಿತ್ತುಕೊಂಡು, ಇನ್ನು ಓಡಿ ಎಂದಿದ್ದೆ. ತಂದೆಯೆದುರು ಬಾಯಿ ಬಿಡದೆ ಬೆಳೆದ ಹುಡುಗನಿಗೆ ಪುಸ್ತಕವೇ ಮೊದಲ ಮಾತು ಕಲಿಸಿತ್ತು ಎಂಬುದು ಆಮೇಲೆ ಅವರೊಬ್ಬರನ್ನೇ ಕರೆಸಿ ಮಾತಾಡಿದಾಗ ತಿಳಿಯಿತು. ಮೊದಲೇ ಕೇಳಬೇಕಿತ್ತು. ಸಲಹೆ ಬದಲಿಸಿದೆ: ಯಾರ ನುಡಿ ಬೇಕಾದರೂ ಹೇಳಿ, ಆದರೆ ಅದು ಈಗ ಯಾಕೆ ನೆನಪಾಯಿತು ಎಂದು ಬೆನ್ನಿಗೇ ಒಂದು ಸ್ವಂತ ಮಾತು ಸೇರಿಸಬೇಕು.

ಎರಡು ತಿಂಗಳ ನಂತರ ಆಕೆ ಮತ್ತೆ ಫೋನ್ ಮಾಡಿದರು, ನಗುತ್ತಲೇ. 'ನಿನ್ನೆ ಉಣ್ತಾ ಬುದ್ಧನ್ನ ಶುರು ಮಾಡಿದ್ರು ಮೇಡಂ, ತಾಳ್ಮೆ ಬಗ್ಗೆ. ಯಾಕೆ ನೆನಪಾಯ್ತು ಅಂದೆ. ಸಾರಿಗೆ ಉಪ್ಪು ಜಾಸ್ತಿ ಆಗೈತೆ, ಅದಕ್ಕೇ ಅಂದ್ರು.'

ಚಪ್ಪಲಿ ಏನಾಯಿತು ಎಂದು ಕೇಳಿದೆ.

'ಡಿಕ್ಕೀಲೇ ಐತೆ. ತೆಗೀಬೇಡಿ ಅಂದಿವ್ನಿ.'