ಎಳೆಯ ಜಾಪನೀಸ್ ಮೇಪಲ್‌ನ ತುದಿಯನ್ನು ಫೆಬ್ರವರಿಯಲ್ಲಿ ಕತ್ತರಿಸಬಹುದೇ?

ಬೇಡ, ಈಗ ತುದಿ ಕತ್ತರಿಸಬೇಡಿ. ನೀವು ಮೂರು ತೊಂದರೆ ಹೇಳಿದ್ದೀರಿ: ಎರಡು ವರ್ಷದ ಹಿಂದೆ ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೋದ ಮನೆಯಂಗಳದಲ್ಲಿ ನೆಟ್ಟ ಬ್ಲಡ್‌ಗುಡ್ ಎಂಬ ಕೆಂಪೆಲೆ ತಳಿಯ ಮೇಪಲ್ ಅಡ್ಡಾದಿಡ್ಡಿ ಬೆಳೆದಿದೆ, ಹೋದ ಬೇಸಿಗೆಯಲ್ಲಿ ಎಲೆಯಂಚೆಲ್ಲ ಸುಟ್ಟಂತಾಯಿತು, ಬುಡದಿಂದ ಹಸಿರೆಲೆಯ ಕೊಂಬೆಯೊಂದು ಎದ್ದಿದೆ. ಇವುಗಳಲ್ಲಿ ಕತ್ತರಿ ಬೇಕಿರುವುದು ಮೂರನೆಯದಕ್ಕೆ ಮಾತ್ರ. ನಾನೂ ಪೋರ್ಟ್‌ಲ್ಯಾಂಡ್ ಕಡೆಯವನೇ, ಇದೇ ಜೇಡಿಮಣ್ಣಿನಲ್ಲಿ ಮೇಪಲ್ ಬೆಳೆಸಿದವನು. ಎಳೆಯ ಗಿಡಕ್ಕೆ ಮೊದಲ ಎರಡು ಮೂರು ವರ್ಷ ಬೇಕಾಗುವುದು ನೀರು ಮತ್ತು ಬುಡದ ಆರೈಕೆ. ಆಕಾರದ ಚಿಂತೆ ಆಮೇಲೆ ಮಾಡಿದರೆ ಸಾಕು.

ಫೆಬ್ರವರಿ ಯಾಕೆ ಬೇಡ ಅಂದರೆ, ಇಲ್ಲಿ ಆ ಹೊತ್ತಿಗೆ ಬೇರಿನಿಂದ ರಸ ಏರತೊಡಗಿರುತ್ತದೆ. ಕತ್ತರಿಸಿದ ಜಾಗದಿಂದ ಅದು ತೊಟ್ಟಿಕ್ಕುತ್ತಲೇ ಇರುತ್ತದೆ. ರಸ ಸೋರಿತೆಂದು ಮರ ಸಾಯುವುದಿಲ್ಲ. ಆದರೆ ನಮ್ಮ ಮಾರ್ಚ್, ಏಪ್ರಿಲ್ ಎಂದರೆ ಚಳಿ ಮತ್ತು ಬಿಡದ ಜಿಟಿಜಿಟಿ ಮಳೆ. ಅಂಥ ಹವೆಯಲ್ಲಿ ಹಸಿ ಗಾಯದ ಮೂಲಕ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕು ಚಿಗುರುಗಳನ್ನು ಕಪ್ಪಾಗಿಸುತ್ತದೆ. ಕತ್ತರಿಸಲು ಇಲ್ಲಿ ಎರಡು ಒಳ್ಳೆಯ ಸಮಯಗಳಿವೆ. ಒಂದು, ಜುಲೈ, ಆಗಸ್ಟ್. ವಸಂತದ ಚಿಗುರು ಬಲಿತಿರುತ್ತದೆ, ಮಳೆಯಿಲ್ಲದೆ ಗಾಯ ಬೇಗ ಒಣಗುತ್ತದೆ. ಇನ್ನೊಂದು, ಎಲೆ ಪೂರ್ತಿ ಉದುರಿದ ಮೇಲೆ, ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ, ಮಳೆ ಬಿಡುವು ಕೊಟ್ಟ ದಿನ ನೋಡಿಕೊಂಡು. ನನಗೆ ಎರಡನೆಯದೇ ಇಷ್ಟ, ಏಕೆಂದರೆ ಆಗ ಯಾವ ಕೊಂಬೆ ಯಾವುದನ್ನು ಉಜ್ಜುತ್ತಿದೆ ಎಂಬುದು ನಿಚ್ಚಳವಾಗಿ ಕಾಣುತ್ತದೆ.

ಇನ್ನು ತುದಿ ಕತ್ತರಿಸಿ ಗುಂಡಗೆ ಮಾಡುವ ವಿಚಾರ. ಊರಲ್ಲಿ ದಾಸವಾಳದ ತುದಿ ಸವರಿದರೆ ಪೊದೆ ಚೆನ್ನಾಗಿ ತುಂಬಿಕೊಳ್ಳುತ್ತದಲ್ಲ, ಆ ರೂಢಿಯನ್ನು ಮೇಪಲ್ ಹತ್ತಿರ ತರಬೇಡಿ. ಮೇಪಲ್‌ನ ಕಡ್ಡಿಯೊಂದನ್ನು ಹತ್ತಿರದಿಂದ ನೋಡಿ: ಮೊಗ್ಗುಗಳು ಎದುರುಬದುರಾಗಿ, ಜೋಡಿಜೋಡಿಯಾಗಿ ಕೂತಿರುತ್ತವೆ. ತುದಿ ತೆಗೆದರೆ ಕೆಳಗಿನ ಜೋಡಿ ಎರಡೂ ಒಟ್ಟಿಗೆ ಚಿಗುರಿ ಕವೆಯಾಗುತ್ತದೆ. ವರ್ಷ ವರ್ಷ ಹೀಗೇ ಮಾಡಿದರೆ ಹೊರಗೆಲ್ಲ ಒತ್ತಾದ ಸಣ್ಣ ಕಡ್ಡಿಗಳು, ಒಳಗೆ ಬೆಳಕಿಲ್ಲದೆ ಒಣಗಿದ ಕೊಂಬೆಗಳು. ಪದರ ಪದರವಾಗಿ ಚಾಚುವ ಆ ಚೆಲುವಿಗಾಗಿಯೇ ತಾನೆ ನಾವು ಇದನ್ನು ತಂದಿದ್ದು, ಅದೇ ಹೋಗಿಬಿಡುತ್ತದೆ.

ಕೊಂಬೆ ಬೇಡವಾದರೆ ಅದು ಹುಟ್ಟಿದ ಜಾಗದಿಂದಲೇ ಪೂರ್ತಿ ತೆಗೆಯಿರಿ. ಕಾಂಡಕ್ಕೆ ಕೂಡಿಕೊಳ್ಳುವಲ್ಲಿ ತೊಗಟೆ ಸ್ವಲ್ಪ ಉಬ್ಬಿ ಸುಕ್ಕುಗಟ್ಟಿದ ಬಳೆಯಂತಿರುತ್ತದೆ. ಗಾಯ ಮುಚ್ಚುವ ಅಂಗಾಂಶ ಹೊರಡುವುದು ಅಲ್ಲಿಂದಲೇ. ಹಾಗಾಗಿ ಆ ಉಬ್ಬನ್ನು ಉಳಿಸಿ, ಅದರ ಹೊರಗಡೆ ಕತ್ತರಿಸಬೇಕು. ಉಬ್ಬನ್ನೇ ಸವರಿದರೆ ಗಾಯ ದೊಡ್ಡದಾಗುತ್ತದೆ, ಗೂಟ ಬಿಟ್ಟರೆ ಅದು ಒಣಗಿ ಕೊಳೆಯುತ್ತದೆ. ಮೇಲೆ ಬಣ್ಣ, ಡಾಂಬರು ಏನನ್ನೂ ಬಳಿಯಬೇಡಿ. ಒಂದು ಅಲಗು ಇನ್ನೊಂದರ ಪಕ್ಕ ಜಾರುವಂಥ ಹರಿತವಾದ ಕತ್ತರಿ ಇರಲಿ, ಅದನ್ನು 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿಕೊಳ್ಳಿ.

ಈ ಡಿಸೆಂಬರ್‌ನಲ್ಲಿ ತೆಗೆಯಬೇಕಾದದ್ದು ಸತ್ತ ಕಡ್ಡಿಗಳು, ಮತ್ತೆ ಒಂದಕ್ಕೊಂದು ಉಜ್ಜುವ ಕೊಂಬೆಗಳಲ್ಲಿ ದುರ್ಬಲವಾದದ್ದು, ಅಷ್ಟೆ. ಮುಂದಿನ ವರ್ಷಗಳಲ್ಲೂ ಒಂದು ಸಲಕ್ಕೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಕೆಳಗಿನ ಕೊಂಬೆಗಳನ್ನು ಬೋಳಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಮೇಪಲ್‌ನ ತೊಗಟೆ ತೆಳು, ನೇರ ಬಿಸಿಲು ಬಿದ್ದರೆ ಸೀಳುತ್ತದೆ. ಆ ಕೊಂಬೆಗಳೇ ಅದಕ್ಕೆ ನೆರಳು, ಕಾಂಡ ದಪ್ಪವಾಗುವುದೂ ಅವುಗಳಿಂದಲೇ. ಬಿಡುವಾದಾಗ ಪೋರ್ಟ್‌ಲ್ಯಾಂಡ್ ಜಾಪನೀಸ್ ಗಾರ್ಡನ್‌ಗೆ ಎಲೆ ಉದುರಿದ ಕಾಲದಲ್ಲಿ ಹೋಗಿಬನ್ನಿ. 1967ರಲ್ಲಿ ಜನರಿಗೆ ತೆರೆದ ತೋಟವದು. ಅಲ್ಲಿಯ ಆ ಪ್ರಸಿದ್ಧ ಜಾಲರಿ ಎಲೆಯ ಮೇಪಲ್ ಎದುರು ಎಲ್ಲರೂ ಶರತ್ಕಾಲದಲ್ಲಿ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ, ಆದರೆ ಕಲಿಯಲು ಅದರ ಬೋಳು ಕೊಂಬೆಗಳೇ ಬೇಕು.

ಬುಡದ ಹಸಿರು ಕೊಂಬೆಗೆ ಬರೋಣ. ಬ್ಲಡ್‌ಗುಡ್ ಅನ್ನು ಸಾಮಾನ್ಯವಾಗಿ ಹಸಿರೆಲೆಯ ಮಾಮೂಲಿ ಮೇಪಲ್ ಸಸಿಗೆ ಕಸಿ ಕಟ್ಟಿರುತ್ತಾರೆ. ಕಸಿಯ ಗಂಟಿನ ಕೆಳಗಿನಿಂದ ಎದ್ದದ್ದೆಲ್ಲ ಆ ಬೇರುಗಿಡದ್ದೇ. ಬಿಟ್ಟರೆ ಅದು ಕೆಂಪು ಮೇಪಲ್‌ಗಿಂತ ಜೋರಾಗಿ ಬೆಳೆದು ಅದನ್ನೇ ಮೂಲೆಗೆ ತಳ್ಳುತ್ತದೆ. ಈಗ ಎಲೆಯಿಲ್ಲದಿದ್ದರೂ ಗುರುತಿಸಬಹುದು: ಬ್ಲಡ್‌ಗುಡ್‌ನ ಎಳೆ ಕಡ್ಡಿ ಕಪ್ಪುಗೆಂಪು, ಇದು ಹಸಿರು. ಪೆನ್ಸಿಲ್‌ಗಿಂತ ತೆಳುವಾಗಿದ್ದರೆ ಒಣ ದಿನ ನೋಡಿ ಈಗಲೇ ತೆಗೆದುಬಿಡಿ, ಇಷ್ಟಕ್ಕೆ ತೊಂದರೆಯಿಲ್ಲ. ದಪ್ಪಗಿದ್ದರೆ ದಾರ ಕಟ್ಟಿ ಗುರುತಿಟ್ಟು ಜುಲೈವರೆಗೆ ಕಾಯಿರಿ.

ಎಲೆ ಸುಟ್ಟಿದ್ದಕ್ಕೆ ಬಹುಮಟ್ಟಿಗೆ ಮಧ್ಯಾಹ್ನದ ಬಿಸಿಲು, ಒಣಗಾಳಿ ಮತ್ತು ನೀರಿನ ಕೊರತೆ ಕಾರಣ. 2021ರ ಜೂನ್ 28ರಂದು ಇಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಹಳೆಯ ಮೇಪಲ್‌ಗಳ ಎಲೆಗಳೇ ಕರಕಲಾಗಿದ್ದವು. ಎಳೆಯ ಗಿಡದ ಎಲೆ ಸುಡಲು ಅಷ್ಟು ಬಿಸಿಲೂ ಬೇಕಿಲ್ಲ. ಮಳೆಗಾಲದಂತಿರುವ ಚಳಿಗಾಲ ನೋಡಿ ಇಲ್ಲಿ ನೀರಿಗೆ ಬರವಿಲ್ಲ ಅಂದುಕೊಳ್ಳುತ್ತೇವೆ, ಜುಲೈ, ಆಗಸ್ಟ್‌ನಲ್ಲಿ ಹನಿ ಬೀಳುವುದೇ ಅಪರೂಪ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ನೀರು ಬೇರಿಗಿಳಿಯುವುದಿಲ್ಲ. ಕಾಂಡ ಒಂದು ಇಂಚು ದಪ್ಪವಿದ್ದರೆ ಒಂದು ಸಲಕ್ಕೆ ಸುಮಾರು 10 ಗ್ಯಾಲನ್, ಪೈಪನ್ನು ಸಣ್ಣಗೆ ಬಿಟ್ಟು ನಿಧಾನವಾಗಿ, ವಾರಕ್ಕೆ ಒಂದೆರಡು ಸಲ ಕೊಡಿ. ಕೊಡುವ ಮುಂಚೆ ನಾಲ್ಕು ಇಂಚು ಆಳಕ್ಕೆ ಮಣ್ಣು ಕೆದಕಿ ನೋಡಿ. ತೇವವಿದ್ದರೆ ಆವತ್ತು ಬೇಡ, ಜೇಡಿಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬೇರಿನ ಸುತ್ತ ಎರಡು ಮೂರು ಇಂಚು ಮರದ ಚೂರಿನ ಹೊದಿಕೆ ಹಾಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಗೊಬ್ಬರ ಸುರಿಯುವುದೂ ಬೇಡ. ಸಾರಜನಕ ಹೆಚ್ಚಾದರೆ ಉದ್ದುದ್ದ ಬಡಕಲು ಕೊಂಬೆಗಳು ಬರುತ್ತವೆ. ನೀವು ಹೇಳಿದ ಅಡ್ಡಾದಿಡ್ಡಿ ಬೆಳವಣಿಗೆಗೆ ಪಕ್ಕದ ಹುಲ್ಲುಹಾಸಿಗೆ ಹಾಕಿದ ಗೊಬ್ಬರವೂ ಕಾರಣವಿರಬಹುದು.

ಎಲೆ ಸುಟ್ಟದ್ದು ಗಿಡದ ತುಂಬಾ ಅಲ್ಲದೆ ಒಂದೇ ಕೊಂಬೆಯಲ್ಲಿದ್ದರೆ ಅಥವಾ ಒಂದು ಕೊಂಬೆ ಏಕಾಏಕಿ ಬಾಡಿದರೆ ಅದು ಬೇರೆ ಮಾತು. ಅದನ್ನು ಕತ್ತರಿಸಿದಾಗ ಕಟ್ಟಿಗೆಯೊಳಗೆ ಕಪ್ಪುಹಸಿರು ಗೆರೆ ಕಂಡರೆ ವರ್ಟಿಸಿಲಿಯಂ ಎಂಬ ಮಣ್ಣಿನ ಶಿಲೀಂಧ್ರವಿರಬಹುದು. ಅದಕ್ಕೆ ಔಷಧವಿಲ್ಲ, ಒಣಗಿದ್ದನ್ನು ತೆಗೆದು ನೀರು ಸರಿಯಾಗಿ ಕೊಟ್ಟರೆ ಕೆಲವು ಮರಗಳು ಚೇತರಿಸಿಕೊಳ್ಳುತ್ತವೆ.

ಚಿತ್ರ ಹಾಕುವುದಾದರೆ ಕೊಂಬೆಗಳದ್ದಕ್ಕಿಂತ ಮೊದಲು ಬುಡದ್ದು ಹಾಕಿ. ಕಾಂಡ ನೆಲ ಮುಟ್ಟುವಲ್ಲಿ ಅಗಲವಾಗಿ ಹರಡಿ ಬೇರಾಗುವುದು ಕಾಣಬೇಕು. ಕಂಬ ನೆಟ್ಟಂತೆ ನೇರ ಮಣ್ಣಿನೊಳಗೆ ಇಳಿದಿದ್ದರೆ ಗಿಡವನ್ನು ಆಳವಾಗಿ ನೆಟ್ಟಿದ್ದಾರೆ ಎಂದರ್ಥ. ಹಾಗಿದ್ದರೆ ಬೇರು ಕಾಣುವವರೆಗೆ ಮೇಲಿನ ಮಣ್ಣನ್ನು ಕೈಯಲ್ಲೇ ಮೆಲ್ಲಗೆ ಸರಿಸಿ. ಆ ಕೆಲಸಕ್ಕೆ ಫೆಬ್ರವರಿ ಒಳ್ಳೆಯ ಕಾಲವೇ.