ಹುಬ್ಬಳ್ಳಿಯ ನಮ್ಮ ಖಾನಾವಳಿಯಲ್ಲಿ ಅಸ್ಸಾಂ, ನೇಪಾಳದ ಹುಡುಗರು ಎರಡೇ ತಿಂಗಳಿಗೆ ಕೆಲಸ ಬಿಡುತ್ತಾರೆ. ಉಳಿಸಿಕೊಳ್ಳುವುದು ಹೇಗೆ?

ಮೊದಲು ಅವರ ತಟ್ಟೆ ನೋಡಿ. ಹುಟ್ಟಿದಾಗಿನಿಂದ ಎರಡು ಹೊತ್ತೂ ಅನ್ನ ಉಂಡವನಿಗೆ ದಿನವೂ ಜೋಳದ ರೊಟ್ಟಿ, ಕೆಂಪು ಚಟ್ನಿ ಇಳಿಯುವುದಿಲ್ಲ. ನಾನು ಕಂಡ ಒಂದು ಖಾನಾವಳಿಯಲ್ಲಿ ರಾತ್ರಿ ಗಿರಾಕಿಗಳು ಹೋದ ಮೇಲೆ ಹುಡುಗರೇ ಒಲೆ ಹಚ್ಚಿ ಅನ್ನ, ತೆಳ್ಳಗಿನ ಬೇಳೆ, ಸಾಸಿವೆ ಎಣ್ಣೆಯಲ್ಲಿ ಕಿವುಚಿದ ಆಲೂಗಡ್ಡೆ ಮಾಡಿಕೊಳ್ಳುತ್ತಾರೆ. ಮಾಲೀಕರು ಸಾಸಿವೆ ಎಣ್ಣೆಯ ಡಬ್ಬಿಯನ್ನು ದಿನಸಿ ಪಟ್ಟಿಗೇ ಸೇರಿಸಿದ್ದಾರೆ. ಅಲ್ಲಿ ಮೂರು ವರ್ಷದಿಂದ ಅದೇ ಮುಖಗಳಿವೆ.

ರಜೆಯನ್ನು ಅವರ ಹಬ್ಬಕ್ಕೆ ಹೊಂದಿಸಿ. ಅಸ್ಸಾಮಿನವರಿಗೆ ಏಪ್ರಿಲ್ ಮಧ್ಯದ ಬಿಹು, ನೇಪಾಳಿಗಳಿಗೆ ನಮ್ಮ ನವರಾತ್ರಿಯ ಹೊತ್ತಿನ ದಶೈಂ. ಮೊದಲೇ ರಜೆ ಒಪ್ಪಿಕೊಂಡರೆ ಹೇಳದೆ ಊರಿಗೆ ಓಡುವುದು ತಪ್ಪುತ್ತದೆ. ಸಂಬಳ ಹಿಡಿದಿಟ್ಟು ಕಟ್ಟಿಹಾಕುವ ಪದ್ಧತಿ ಮಾತ್ರ ಬೇಡವೇ ಬೇಡ, ಅದು ಅನ್ಯಾಯ. ಹತ್ತು ಅಥವಾ ಹೆಚ್ಚು ಜನ ದುಡಿಯುತ್ತಿದ್ದರೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಮಾಡಿಸಲೇಬೇಕು.

ಕನ್ನಡವನ್ನು ಕೆಲಸದಿಂದಲೇ ಕಲಿಸಿ: 'ಇನ್ನೊಂದು ರೊಟ್ಟಿ ಹಾಕಲೇ?' ಎಂಬಂಥ ಹತ್ತು ವಾಕ್ಯ ಸಾಕು. ಗಿರಾಕಿ 'ಏ ನೇಪಾಳಿ' ಎಂದು ಕೂಗಿದರೆ ಗಲ್ಲೆಯಲ್ಲಿ ಕುಳಿತ ನೀವೇ ಆ ಹುಡುಗನ ಹೆಸರು ಹೇಳಿ ಕರೆಯಿರಿ.