ಓದುಗರ ಪ್ರಶ್ನೆ, ನಮ್ಮ ಉತ್ತರ: ಬಿಂಗೊ ಪಿನ್‌ಬಾಲ್ ಯಂತ್ರಗಳು

ಅಮೆರಿಕದ ಹಳೆಯ ನಾಣ್ಯಯಂತ್ರಗಳನ್ನು ಕುರಿತ ಕಳೆದ ಸಂಚಿಕೆಯ ಟಿಪ್ಪಣಿಯಲ್ಲಿ ಬಿಂಗೊ ಪಿನ್‌ಬಾಲ್ (ಇಳಿಜಾರು ಹಲಗೆಯ ಮೇಲೆ ಲೋಹದ ಗುಂಡು ಹೊಡೆದು ಆಡುವ ಯಂತ್ರದ ಒಂದು ಬಗೆ) ಎಂಬ ಹೆಸರು ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದು ಕೇಳಿದವು. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಅವನ ಸ್ನೇಹಿತರ ಮನೆಯಲ್ಲಿ ಇಂಥದೊಂದು ಯಂತ್ರವನ್ನು ಕಂಡೆ. ಗುಂಡನ್ನು ಮೇಲಕ್ಕೆ ತಳ್ಳುವ ಫ್ಲಿಪ್ಪರ್‌ಗಳೇ ಇರಲಿಲ್ಲ. ಹಲಗೆಯ ತುಂಬ ಅಂಕಿ ಬರೆದ ಕುಳಿಗಳಿದ್ದವು. ಇದನ್ನು ಪಿನ್‌ಬಾಲ್ ಎನ್ನಬೇಕೋ, ನಮ್ಮ ಕ್ಲಬ್ಬುಗಳ ಹೌಸಿ ಎನ್ನಬೇಕೋ? (ಮೈಸೂರಿನ ಓದುಗರು)

ಉತ್ತರ: ಎರಡರ ನಡುವಿನ ಸಂಬಂಧಿ ಎನ್ನಬಹುದು. ಫ್ಲಿಪ್ಪರ್ ಮೊದಲು ಬಂದದ್ದು 1947ರಲ್ಲಿ, ಗಾಟ್‌ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ. ಬಿಂಗೊ ಯಂತ್ರಗಳು ಹುಟ್ಟಿದ್ದು ಅದಾದ ನಾಲ್ಕು ವರ್ಷಗಳ ಮೇಲೆ. ಆದ್ದರಿಂದ ಫ್ಲಿಪ್ಪರ್ ಇಲ್ಲದಿರುವುದು ಹಳತನದ ಲಕ್ಷಣವಲ್ಲ, ತಯಾರಕರು ಬೇಕೆಂದೇ ಬಿಟ್ಟದ್ದು. ಶಿಕಾಗೋದ ಯುನೈಟೆಡ್ ಕಂಪನಿಯ ‘ಎಬಿಸಿ’ ಮತ್ತು ಅದೇ ಊರಿನ ಬ್ಯಾಲಿ ಕಂಪನಿಯ ‘ಬ್ರೈಟ್ ಲೈಟ್ಸ್’ ಎರಡೂ 1951ರಲ್ಲಿ ಹೊರಬಂದು ಈ ವಂಶವನ್ನು ಆರಂಭಿಸಿದವು.

ಹೌಸಿಯಲ್ಲಿ 90 ಅಂಕಿಗಳಿದ್ದು ಒಂದು ಚೀಟಿಯಲ್ಲಿ 15 ಮಾತ್ರ ಇರುತ್ತವೆ, ಅಂಕಿ ಕೂಗುವವರು ಬೇರೆ ಇರುತ್ತಾರೆ. ಸಾಮಾನ್ಯ ಬಿಂಗೊ ಯಂತ್ರದಲ್ಲಿ ಹಲಗೆಯ ಮೇಲೆ 1ರಿಂದ 25ರವರೆಗಿನ ಕುಳಿಗಳಿರುತ್ತವೆ, ಎದುರಿನ ಗಾಜಿನ ಚಿತ್ರಫಲಕದಲ್ಲಿ ಅದೇ 25 ಅಂಕಿಗಳು ಐದೈದರ ಚೌಕದಲ್ಲಿ ಅಡ್ಡಾದಿಡ್ಡಿಯಾಗಿ ಕೂತಿರುತ್ತವೆ. ಗುಂಡು ಯಾವ ಕುಳಿಗೆ ಬಿದ್ದಿತೋ ಆ ಅಂಕಿ ಗಾಜಿನಲ್ಲಿ ಬೆಳಗುತ್ತದೆ. ಅಂದರೆ ಇಲ್ಲಿ ಅಂಕಿ ಕೂಗುವುದು ಗುಂಡೇ. ಐದು ಗುಂಡುಗಳಲ್ಲಿ ಒಂದೇ ಸಾಲಿನ ಪಕ್ಕಪಕ್ಕದ ಮೂರು, ನಾಲ್ಕು ಅಥವಾ ಐದು ಅಂಕಿಗಳನ್ನು ಬೆಳಗಿಸಿದರೆ ಗೆಲುವು. ಯಾವ ಕುಳಿಗೂ ಬೀಳದೆ ಕೆಳಗೆ ಬಂದ ಗುಂಡನ್ನು ಮತ್ತೆ ಹೊಡೆಯಬಹುದು. ಆಟಗಾರನ ಕೌಶಲವೆಲ್ಲ ಗುಂಡನ್ನು ಹೊಡೆಯುವ ಬಿಗಿಯಲ್ಲಿ ಮತ್ತು ‘ಟಿಲ್ಟ್’ ದೀಪ (ಅತಿಯಾಗಿ ಅಲುಗಿಸಿದರೆ ಹೊತ್ತಿ ಆಟವನ್ನು ನಿಲ್ಲಿಸುವ ದೀಪ) ಹೊತ್ತದ ಹಾಗೆ ಪೆಟ್ಟಿಗೆಯನ್ನು ಹದವಾಗಿ ಅಲುಗಿಸುವ ಕೈಯಲ್ಲಿ ಅಡಗಿದೆ.

ಗೆದ್ದವರಿಗೆ ಯಂತ್ರ ನಾಣ್ಯ ಉದುರಿಸುತ್ತಿರಲಿಲ್ಲ, ಉಚಿತ ಆಟಗಳ ಎಣಿಕೆಯನ್ನು ತೋರಿಸುತ್ತಿತ್ತು ಅಷ್ಟೆ. ಇದರ ಹಿಂದೆ ಒಂದು ಕಾನೂನಿನ ಲೆಕ್ಕಾಚಾರವಿದೆ. ನಾಣ್ಯ ಹಾಕಿ ಜೂಜಾಡುವ ಸ್ಲಾಟ್ ಯಂತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯುವ ಜಾನ್ಸನ್ ಕಾಯ್ದೆ ಅಮೆರಿಕದಲ್ಲಿ 1951ರ ಜನವರಿಯಲ್ಲಿ ಜಾರಿಗೆ ಬಂದಿತ್ತು, ನಾಣ್ಯ ಕೊಡದ ಯಂತ್ರಕ್ಕೆ ಅದು ತಗುಲುವುದಿಲ್ಲವೆಂಬುದು ತಯಾರಕರ ವಾದ. ವಾಸ್ತವದಲ್ಲಿ ಅಂಗಡಿಯವನು ಎಣಿಕೆ ನೋಡಿ ನಗದು ಕೊಡುತ್ತಿದ್ದ. ಬಳಿಕ ಒಂದು ಗುಂಡಿ ಒತ್ತಿ ಎಣಿಕೆಯನ್ನು ಸೊನ್ನೆಗೆ ತರುತ್ತಿದ್ದ, ಹಾಗೆ ಅಳಿಸಿದ ಆಟಗಳ ಲೆಕ್ಕ ಒಳಗಿನ ಮೀಟರಿನಲ್ಲಿ ದಾಖಲಾಗುತ್ತಿತ್ತು. 1957ರಲ್ಲಿ ಕೊರ್ಪಾನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೀಗೆ ಹಣ ಕೊಡುವ ಪಿನ್‌ಬಾಲ್ ಯಂತ್ರವೂ ಜೂಜಿನ ಸಾಧನವೇ, ಆದ್ದರಿಂದ ಮನರಂಜನೆಯ ಯಂತ್ರದ 10 ಡಾಲರ್ ತೆರಿಗೆಯಲ್ಲ, 250 ಡಾಲರ್ ತೆರಿಗೆಯೇ ಅನ್ವಯಿಸುತ್ತದೆ ಎಂದಿತು. ಸಂಗ್ರಹಕಾರರಲ್ಲಿ ಕೆಲವರು ಈ ಚರಿತ್ರೆಯನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ನನಗೆ ಆ ಸಂಕೋಚ ಅರ್ಥವಾಗುವುದಿಲ್ಲ. ಈ ಯಂತ್ರದ ಒಳಗೆ ಅಷ್ಟೊಂದು ಜಾಣತನ ತುಂಬಿರುವುದಕ್ಕೆ ಕಾರಣವೇ ಆ ಜೂಜು.

ಪ್ರಶ್ನೆ: 1953ರ ಬ್ಯಾಲಿ ‘ಬೀಚ್ ಕ್ಲಬ್’ ಯಂತ್ರವೊಂದು ಪರಿಚಿತರ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತು, ಕಡಿಮೆ ಬೆಲೆಗೆ ತಂದಿದ್ದೇನೆ. ಮಕ್ಕಳು ಪ್ಲಗ್ ಹಾಕಿ ನೋಡೋಣವೆಂದು ಕಾಡುತ್ತಿದ್ದಾರೆ. ಮೊದಲು ಮಾಡಬೇಕಾದ ಕೆಲಸ ಯಾವುದು? ತಾವು ದಯವಿಟ್ಟು ತಿಳಿಸಬೇಕು. (ನ್ಯೂಜೆರ್ಸಿಯ ಓದುಗರು)

ಉತ್ತರ: ಪ್ಲಗ್ ಹಾಕದಿರುವುದೇ ಮೊದಲ ಕೆಲಸ. ಈ ಯಂತ್ರದಲ್ಲಿ ಚಿಪ್ ಇಲ್ಲ, ಟ್ರಾನ್ಸಿಸ್ಟರ್ ಇಲ್ಲ. ಮೋಟರ್, ಕಾಯಿಲ್ (ವಿದ್ಯುತ್ ಹರಿದಾಗ ಅಯಸ್ಕಾಂತವಾಗುವ ತಂತಿಸುರುಳಿ), ರಿಲೇ (ಅಂಥ ಸುರುಳಿ ನಡೆಸುವ ಸ್ವಿಚ್), ತಾಮ್ರದ ತಂತಿ ಮತ್ತು ನೂರಾರು ಎಲೆ ಸ್ವಿಚ್ಚುಗಳ (ತೆಳು ಲೋಹದ ಪಟ್ಟಿಗಳ ಸ್ವಿಚ್ಚುಗಳ) ಕೂಟ ಇದು. ಎಂದೋ ಹಚ್ಚಿದ ಗ್ರೀಸ್ ಈಗ ಅಂಟಾಗಿ ಗಟ್ಟಿಯಾಗಿರುತ್ತದೆ. ಆ ಸ್ಥಿತಿಯಲ್ಲಿ ವಿದ್ಯುತ್ ಕೊಟ್ಟರೆ ತಿರುಗಬೇಕಾದ ಗಾಲಿ ತಿರುಗುವುದಿಲ್ಲ, ಕ್ಷಣಮಾತ್ರ ಕೆಲಸ ಮಾಡಿ ಬಿಡಬೇಕಾದ ಕಾಯಿಲ್ ಬಿಡದೆ ಹಿಡಿದುಕೊಳ್ಳುತ್ತದೆ, ಎರಡು ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಕಾಲದ ವಿದ್ಯುತ್ ಹಗ್ಗಕ್ಕೆ ಎರಡೇ ತಂತಿ, ಅರ್ಥಿಂಗ್ ಇರುವುದಿಲ್ಲ. ಅದರ ರಬ್ಬರ್ ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಮೂರು ತಂತಿಯ ಹೊಸ ಹಗ್ಗ ಹಾಕಿಸಿ, ಲೋಹದ ಭಾಗಗಳಿಗೆ ಅರ್ಥಿಂಗ್ ಕೊಡಿಸಿ, ನಮೂದಿಸಿರುವ ಅಳತೆಯ ಫ್ಯೂಸನ್ನೇ ಹಾಕಿ. ಫ್ಯೂಸ್ ಪದೇಪದೇ ಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕುವವರ ಯಂತ್ರದಲ್ಲಿ ಮುಂದೆ ತಂತಿಯ ಕಟ್ಟೇ ಫ್ಯೂಸಿನ ಕೆಲಸ ಮಾಡುತ್ತದೆ.

ಎರಡನೆಯ ಕೆಲಸ, ನಿಮ್ಮದೇ ಮಾದರಿಯ ಸರ್ಕ್ಯೂಟ್ ನಕ್ಷೆಯನ್ನು ಸಂಪಾದಿಸುವುದು. ನಕ್ಷೆಯಿಲ್ಲದೆ ಫ್ಲಿಪ್ಪರ್ ಯಂತ್ರವನ್ನು ಹೇಗೋ ನಡೆಸಬಹುದು. ಬಿಂಗೊ ಯಂತ್ರವನ್ನು ನಡೆಸಲಾಗದು. ಒಂದು ವಾರ ಬರೀ ನಕ್ಷೆ ಓದುತ್ತ ಕುಳಿತರೂ ಅದು ವ್ಯರ್ಥವಲ್ಲ. ಯಂತ್ರ ಏನು ಮಾಡುತ್ತದೆಂಬ ಸ್ಥೂಲ ಚಿತ್ರ ಮನಸ್ಸಿನಲ್ಲಿದ್ದರೆ ನಕ್ಷೆ ಬೇಗ ಒಲಿಯುತ್ತದೆಯಾದ್ದರಿಂದ ಅದನ್ನಿಲ್ಲಿ ಹೇಳುತ್ತೇನೆ.

ಪ್ರತಿಯೊಂದು ಕುಳಿಯ ಕೆಳಗೂ ಒಂದು ಸ್ವಿಚ್ ಇದೆ. ಗುಂಡು ಕುಳಿಯಲ್ಲಿ ಕುಳಿತು ಅದನ್ನು ಒತ್ತಿಹಿಡಿಯುತ್ತದೆ. ಅದರ ಕೆಳಗಿರುವ ರಂಧ್ರಗಳ ಜಾರುಹಲಗೆ ಗುಂಡು ಕೆಳಗೆ ಬೀಳದಂತೆ ತಡೆದಿರುತ್ತದೆ. ಹೊಸ ಆಟಕ್ಕೆ ನಾಣ್ಯ ಹಾಕಿದಾಗ ಆ ಜಾರುಹಲಗೆ ಸರಿದು ಗುಂಡುಗಳೆಲ್ಲ ಒಟ್ಟಿಗೆ ಕೆಳಗಿಳಿಯುತ್ತವೆ. ಗೆಲುವನ್ನು ಹುಡುಕುವುದು ‘ಸರ್ಚ್ ಡಿಸ್ಕ್’ ಎಂಬ ತಿರುಗುವ ಬಿಲ್ಲೆಗಳ ಕೆಲಸ. ಐದೈದರ ಚೌಕದಲ್ಲಿ ಅಡ್ಡ ಐದು, ಉದ್ದ ಐದು, ಮೂಲೆಯಿಂದ ಮೂಲೆಗೆ ಎರಡು, ಹೀಗೆ ಹನ್ನೆರಡು ಸಾಲುಗಳಿವೆ. ಬಿಲ್ಲೆಯ ಮೇಲಿನ ಲೋಹದ ಬೆರಳುಗಳು ಒಂದೊಂದು ಸಾಲಿನ ಕುಳಿಗಳ ತಂತಿಗಳನ್ನು ಸರದಿಯಂತೆ ಸವರಿಕೊಂಡು ಹೋಗುತ್ತವೆ; ಒಂದು ಸಾಲಿನಲ್ಲಿ ಪಕ್ಕಪಕ್ಕದ ಮೂರು ಸ್ವಿಚ್ಚುಗಳು ಮುಚ್ಚಿರುವುದು ಸಿಕ್ಕ ಕೂಡಲೇ ರಿಲೇ ಸೆಳೆದು ಬಿಲ್ಲೆ ನಿಲ್ಲುತ್ತದೆ, ಉಚಿತ ಆಟಗಳ ಎಣಿಕೆ ಒಂದೊಂದಾಗಿ ಏರತೊಡಗುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ತಂತಿ, ಬಿಲ್ಲೆಗಳಿಂದಲೇ ‘ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂಬ ತರ್ಕವನ್ನು ಕಟ್ಟಿದ ಪರಿಯನ್ನು ಮೊದಲ ಬಾರಿಗೆ ಕಣ್ಣಾರೆ ಕಂಡಾಗ ನಾನು ಆಟವನ್ನೇ ಮರೆತು ಹಿಂದಿನ ಬಾಗಿಲು ತೆರೆದುಕೊಂಡು ಕುಳಿತಿದ್ದೆ.

ಈ ಬಿಲ್ಲೆಗಳ ಮೇಲಿನ ಕೊಳೆಯೇ ಹತ್ತರಲ್ಲಿ ಏಳೆಂಟು ದೋಷಗಳ ಮೂಲ ಎಂಬುದು ನನ್ನ ಅನುಭವ. ಒಂದೊಂದು ಘಟಕವನ್ನೂ ಬಿಚ್ಚುವ ಮೊದಲು ಎಲ್ಲ ಕೋನಗಳಿಂದ ಫೋಟೋ ತೆಗೆದುಕೊಳ್ಳಿ. ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ತಿರುಗುವ ಭಾಗಗಳಿಗೆ ಮಾತ್ರ ಎಣ್ಣೆಯನ್ನು ತೆಳುವಾಗಿ ಸವರಿ. ಸ್ವಿಚ್ಚುಗಳ ಬೆಳ್ಳಿ ಪಾಯಿಂಟುಗಳಿಗೆ ಉಪ್ಪುಕಾಗದ ತಾಗಿಸಬೇಡಿ; ನುಣುಪಾದ ಸಣ್ಣ ಅರವೊಂದನ್ನು ಎರಡು ಸಲ ಹಗುರವಾಗಿ ಎಳೆದರೆ ಸಾಕು. ಪಾಯಿಂಟುಗಳ ಮೇಲೆ ಎಣ್ಣೆಯ ಸ್ಪ್ರೇ ಹೊಡೆಯಲೇಬೇಡಿ. ನನ್ನ ಮೊದಲ ಯಂತ್ರಕ್ಕೆ ನಾನು ಅದನ್ನೇ ಮಾಡಿದ್ದೆ. ಎರಡು ದಿನ ಯಂತ್ರ ಸೊಗಸಾಗಿ ಓಡಿತು. ಮೂರನೆಯ ವಾರಕ್ಕೆ ಎಣ್ಣೆಗೆ ಧೂಳು ಹಿಡಿದು, ಮೊದಲು ಮೂರು ಕಡೆ ಇದ್ದ ದೋಷ ಮೂವತ್ತು ಕಡೆಗೆ ಹಬ್ಬಿತು.

ಇನ್ನೊಂದು ಮಾತು. ಒಂದು ದಿನಕ್ಕೆ ಒಂದೇ ಘಟಕವನ್ನು ಮುಟ್ಟಿ, ಅದನ್ನು ಕೈಯಿಂದ ತಿರುಗಿಸಿ ನೋಡಿ, ಸ್ಪ್ರಿಂಗಿನ ಬಲದಿಂದಲೇ ಸೊನ್ನೆಗೆ ಮರಳುವುದು ಖಚಿತವಾದ ಮೇಲೆ ಮುಂದಿನದಕ್ಕೆ ಹೋಗಿ. ಕೆಲಸ ಮಾಡದ ರಿಲೇಯ ಎಲೆಗಳನ್ನು ಅಂದಾಜಿನಲ್ಲಿ ಬಗ್ಗಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ಕಾರ್ಖಾನೆಯಲ್ಲಿ ಸರಿಯಾಗಿದ್ದ ಎಲೆ ತಾನಾಗಿ ಬಗ್ಗುವುದು ಅಪರೂಪ, ನಡುವೆ ಕೈಯಾಡಿಸಿದವರು ಬಗ್ಗಿಸಿರುತ್ತಾರೆ. ಮಲ್ಟಿಮೀಟರ್ ಹಿಡಿದು ನಕ್ಷೆಯ ದಾರಿಯಲ್ಲೇ ಹೋಗಿ, ವಿದ್ಯುತ್ ಎಲ್ಲಿ ನಿಂತಿತೆಂದು ಕಂಡ ಮೇಲೆ ಮಾತ್ರ ಉಪಕರಣ ಎತ್ತಿಕೊಳ್ಳಿ.

ಪ್ರಶ್ನೆ: ನಮ್ಮ ಯಂತ್ರ ಚೆನ್ನಾಗಿ ಓಡುತ್ತಿದೆ, ಆದರೆ ಬಹಳ ಜಿಪುಣ. ನಾಣ್ಯದ ಮೇಲೆ ನಾಣ್ಯ ಹಾಕಿದರೂ ಗೆಲುವಿನ ಪ್ರಮಾಣ ಏರುವುದಿಲ್ಲ. ‘ರಿಫ್ಲೆಕ್ಸ್ ಯುನಿಟ್’ ಎಂಬುದರ ತಂತಿ ತೆಗೆದರೆ ಸರಿಹೋಗುತ್ತದೆಂದು ಗೆಳೆಯರು ಹೇಳುತ್ತಾರೆ. ಮನೆಯಲ್ಲಿ ಹೇಗೂ ಹಣವಿಟ್ಟು ಆಡುವುದಿಲ್ಲವಲ್ಲ? (ಇಲಿನಾಯ್ ರಾಜ್ಯದ ಓದುಗರು)

ಉತ್ತರ: ನಿಮ್ಮ ಗೆಳೆಯರ ಸಲಹೆಯನ್ನು ನಾನು ಒಪ್ಪುವುದಿಲ್ಲ, ಆದರೆ ಅವರ ಊಹೆ ತಪ್ಪಲ್ಲ. ಈ ಆಟದಲ್ಲಿ ಒಂದು ನಾಣ್ಯಕ್ಕೇ ಆಟ ಶುರುವಾಗುತ್ತದಾದರೂ, ಮೇಲೆ ಮೇಲೆ ಹಾಕುವ ನಾಣ್ಯಗಳು ಗೆಲುವಿನ ಪ್ರಮಾಣವನ್ನೋ ಹೆಚ್ಚಿನ ಸೌಲಭ್ಯವನ್ನೋ ತರಬಹುದು, ಏನನ್ನೂ ತರದೆಯೂ ಇರಬಹುದು. ಅದನ್ನು ನಿರ್ಧರಿಸುವಲ್ಲಿ ಎರಡು ಘಟಕಗಳಿಗೆ ಪಾಲಿದೆ. ‘ಮಿಕ್ಸರ್’ ಬಿಲ್ಲೆಗಳು ತಿರುಗಿ ವಿದ್ಯುತ್ತಿನ ದಾರಿಯನ್ನು ಪ್ರತಿ ಸಲವೂ ಬದಲಿಸುತ್ತ ಅದೃಷ್ಟದ ಪಾತ್ರ ವಹಿಸುತ್ತವೆ. ರಿಫ್ಲೆಕ್ಸ್ ಯುನಿಟ್ ಯಂತ್ರದ ನೆನಪು: ಆಟಗಾರರು ಹೆಚ್ಚು ಗೆದ್ದಷ್ಟೂ ಅದು ಕೈ ಬಿಗಿ ಮಾಡುತ್ತದೆ, ನಾಣ್ಯಗಳು ಬೀಳುತ್ತ ಹೋದಂತೆ ಸಡಿಲಿಸುತ್ತದೆ. ಅದನ್ನು ಕಿತ್ತರೆ ಉಳಿಯುವುದು ದೀಪ ಹೊತ್ತುವ ಪೆಟ್ಟಿಗೆ, ಬಿಂಗೊ ಯಂತ್ರವಲ್ಲ.

ನಿಮ್ಮಲ್ಲಿ ಬಹುಶಃ ಆ ಘಟಕ ಗ್ರೀಸ್ ಗಟ್ಟಿಯಾಗಿ ಬಿಗಿಯ ತುದಿಯಲ್ಲೇ ಸಿಕ್ಕಿಕೊಂಡಿದೆ. ಶುಚಿಗೊಳಿಸಿ, ಎರಡೂ ದಿಕ್ಕಿಗೆ ಸಲೀಸಾಗಿ ಸರಿಯುತ್ತದೆಯೇ ನೋಡಿ. ಜಿಪುಣತನ ಅರ್ಧಕ್ಕರ್ಧ ಅಲ್ಲೇ ಹೋದೀತು. ಉಳಿದ ಅರ್ಧ ಜನ್ಮತಃ ಬಂದದ್ದು.

ಪ್ರಶ್ನೆ: ಗಾಜಿನ ಚಿತ್ರಫಲಕದ ಬಣ್ಣ ಹಿಂಬದಿಯಿಂದ ಚಕ್ಕೆಚಕ್ಕೆಯಾಗಿ ಏಳುತ್ತಿದೆ. ಒರೆಸಿ ಸ್ವಚ್ಛ ಮಾಡಬಹುದೇ? (ಟೆಕ್ಸಾಸ್‌ನ ಓದುಗರು)

ಉತ್ತರ: ಬಣ್ಣದ ಬದಿಯನ್ನು ಮುಟ್ಟಬೇಡಿ, ಒದ್ದೆ ಬಟ್ಟೆಯಂತೂ ಕೂಡದು. ಒಂದೇ ಒರೆತಕ್ಕೆ ಅಂಕಿಗಳೇ ಕಿತ್ತುಬಂದದ್ದನ್ನು ನೋಡಿದ್ದೇನೆ. ಮುಂಬದಿಯನ್ನು ಮಾತ್ರ ಒರೆಸಿ. ಚಕ್ಕೆಗಳು ಇನ್ನೂ ಅಂಟಿಕೊಂಡಿರುವಾಗಲೇ ಹಿಂಬದಿಗೆ ಪಾರದರ್ಶಕ ಲೇಪನ ಸಿಂಪಡಿಸುವವರಿದ್ದಾರೆ, ಬೀಳುವುದನ್ನು ಅದು ತಡೆಯುತ್ತದೆ. ಆದರೆ ಒಮ್ಮೆ ಹಾಕಿದ ಲೇಪನವನ್ನು ತೆಗೆಯಲಾಗದು, ಆದ್ದರಿಂದ ಮೊದಲು ಕಾಣದ ಅಂಚಿನಲ್ಲಿ ಪರೀಕ್ಷಿಸಿ. ಗಾಜಿನ ಹಿಂದಿನ ಬಲ್ಬುಗಳ ಬಿಸಿ ಇದರ ಮುಖ್ಯ ಶತ್ರು. 44ನೆಯ ನಂಬರಿನ ಬಲ್ಬು 250 ಮಿಲಿಆಂಪಿಯರ್ ಎಳೆಯುತ್ತದೆ, 47ನೆಯದು 150 ಮಾತ್ರ. ಎರಡೂ ಒಂದೇ ಹಿಡಿಕೆಗೆ ಕೂರುತ್ತವೆ. ಹಾಗಾಗಿ 47ನ್ನೇ ಹಾಕಿ. ಬೆಳಕು ತುಸು ಮಂದವಾಗುತ್ತದೆ, ಚಿತ್ರ ಉಳಿಯುತ್ತದೆ.

ಪ್ರಶ್ನೆ: ನಿವೃತ್ತಿಯ ನಂತರ ಬೆಂಗಳೂರಿಗೆ ಮರಳುತ್ತಿದ್ದೇವೆ. ನಮ್ಮ ಎರಡು ಬಿಂಗೊ ಯಂತ್ರಗಳನ್ನು ಜೊತೆಗೆ ತರಬಹುದೇ? (ಕ್ಯಾಲಿಫೋರ್ನಿಯಾದ ಓದುಗರು)

ಉತ್ತರ: ವಿದ್ಯುತ್ತಿನ ತೊಡಕನ್ನು ಮೊದಲು ನೋಡೋಣ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದು ಹರ್ಟ್ಸನ್ನು ಬದಲಿಸುವುದಿಲ್ಲ. ಪರಿಣಾಮವಾಗಿ ಮೋಟರುಗಳು ಹೆಚ್ಚುಕಡಿಮೆ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತವೆ, ಇದನ್ನು ಸಹಿಸಬಹುದು. ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರ್ ಮಾತ್ರ ಹೆಚ್ಚು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಅದಕ್ಕೆ 120ರ ಬದಲು 100 ವೋಲ್ಟ್ ಕೊಟ್ಟರೆ ಬಿಸಿ ತಗ್ಗುತ್ತದೆ, ಕಾಯಿಲ್‌ಗಳ ಬಲವೂ ಜೊತೆಗೇ ತಗ್ಗುತ್ತದೆ. 50 ಹರ್ಟ್ಸ್‌ಗೆಂದೇ ಸುತ್ತಿಸಿದ ಹೊಸ ಟ್ರಾನ್ಸ್‌ಫಾರ್ಮರನ್ನು ಒಳಗೆ ಕೂರಿಸಿ, ಹಳೆಯದನ್ನು ಎಸೆಯದೆ ಪೆಟ್ಟಿಗೆಯ ತಳದಲ್ಲೇ ಕಟ್ಟಿಡುವುದು ನನಗೆ ಸರಿಕಂಡ ದಾರಿ. ಬೆಲ್ಜಿಯಂನ ಕೆಫೆಗಳಲ್ಲಿ ಬಿಂಗೊ ಯಂತ್ರಗಳಿಗೆ ಕಾನೂನಿನ ಚೌಕಟ್ಟಿನೊಳಗೆ ಇಂದಿಗೂ ಜಾಗವಿರುವುದರಿಂದ 50 ಹರ್ಟ್ಸ್‌ನ ಅನುಭವ ಇರುವವರು ಆ ಕಡೆ ಸಿಗುತ್ತಾರೆ.

ಇನ್ನು ಕಾನೂನು. ಅಮೆರಿಕದಲ್ಲೇ ಹಳೆಯ ಜೂಜುಯಂತ್ರಗಳನ್ನು ಇಟ್ಟುಕೊಳ್ಳುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದಲ್ಲಿ ಜೂಜಿನ ವಿಷಯ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಹಡಗಿಗೆ ಹತ್ತಿಸುವ ಮೊದಲೇ ಕಸ್ಟಮ್ಸ್ ಏಜೆಂಟರನ್ನೂ ವಕೀಲರನ್ನೂ ಕಂಡು, ಇದು ಏನೆಂಬುದನ್ನು ಮುಚ್ಚಿಡದೆ ಹೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ‘ಹಳೆಯ ಆಟಿಕೆ’ ಎಂದು ಬರೆಸಿ ತರುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಬಂದರಿನಲ್ಲಿ ಪೆಟ್ಟಿಗೆ ತೆರೆದವರಿಗೆ ಎಣಿಕೆ ಅಳಿಸುವ ಆ ಗುಂಡಿಯೇ ಎಲ್ಲವನ್ನೂ ಹೇಳಿಬಿಡುತ್ತದೆ.

ಸಾಗಣೆಯಲ್ಲಿ ತಲೆಯ ಭಾಗವನ್ನು ಪೆಟ್ಟಿಗೆಯಿಂದ ಬೇರ್ಪಡಿಸಿ, ನಡುವಿನ ಪ್ಲಗ್ಗುಗಳಿಗೆಲ್ಲ ಚೀಟಿ ಕಟ್ಟಿ, ಗಾಜನ್ನು ತೆಗೆದು ಪ್ರತ್ಯೇಕವಾಗಿ ನಿಲ್ಲಿಸಿದಂತೆ ಪ್ಯಾಕ್ ಮಾಡಿಸಿ. ಗುಂಡುಗಳನ್ನು ಮರೆಯದೆ ಹೊರತೆಗೆದು ಕೈಚೀಲದಲ್ಲಿ ಇಟ್ಟುಕೊಳ್ಳಿ. ಒಳಗೇ ಬಿಟ್ಟರೆ ಹಡಗಿನ ಓಲಾಟಕ್ಕೆ ಆ ಗುಂಡುಗಳು ದಾರಿಯುದ್ದಕ್ಕೂ ಸ್ವಿಚ್ಚುಗಳ ಮೇಲೆ ಆಡುತ್ತಲೇ ಬರುತ್ತವೆ.